ಹೊಳೆಗೆ ಒಂದು ಅಂಕ

ಮೂವತ್ತು ಸಾವಿರ ಜನರ ದಂಡು ಹನ್ನೊಂದು ಸಾವಿರ ಜನರ ಎದುರು ಸೋತುಹೋಯಿತು. ಸೋತದ್ದು ಮೈಸೂರು, ಗೆದ್ದದ್ದು ತಿರುವಾಂಕೂರು. ಆಲುವದ ಬಾಡಿಗೆ ಮನೆಯ ಮಹಡಿಯಲ್ಲಿ, ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಅವನಿಗೆ ಇದು ನಂಬುವ ಹಾಗಿರಲಿಲ್ಲ. ಪರದೆಯ ಮೇಲೆ ಅವನ ಸೇನೆ ಯಾವ ಅಪ್ಪಣೆಗೂ ಕಾಯದೆ ಹಿಂದಕ್ಕೆ ಓಡುತ್ತಿತ್ತು. ಮೌಸ್ ಒತ್ತಿದರೂ ನಿಲ್ಲಲಿಲ್ಲ. ಸತ್ತವರ ಲೆಕ್ಕ ನೋಡಿದ. ಮೂವತ್ತು ಸಾವಿರದಲ್ಲಿ ಇಪ್ಪತ್ತನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಇನ್ನೂ ಬದುಕಿದ್ದರು. ಹಾಗಿದ್ದ ಮೇಲೆ ಓಡಿದ್ದೇಕೆ?

ಅವನ ಊರು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ. ಕೆಲಸ ಕೊಚ್ಚಿಯ ಕಾಕ್ಕನಾಡಿನಲ್ಲಿ. ಬಾಡಿಗೆ ಕಡಿಮೆ, ಮೆಟ್ರೊ ಇಲ್ಲಿಂದಲೇ ಹೊರಡುತ್ತದೆ ಎಂಬ ಎರಡು ಕಾರಣಕ್ಕೆ ಆಲುವದಲ್ಲಿ ಮನೆ ಹಿಡಿದಿದ್ದ. ಸಹೋದ್ಯೋಗಿಯೊಬ್ಬ ಹತ್ತಿಸಿದ ಹುಚ್ಚು ಈ ಆಟ. ಹೆಸರು 'ಯುರೋಪಾ ಯುನಿವರ್ಸಾಲಿಸ್ 4'. 2013ರಲ್ಲಿ ಬಂದದ್ದು. 1444ರಿಂದ 1821ರವರೆಗಿನ ಜಗತ್ತಿನ ನಕ್ಷೆ ಕೊಟ್ಟು, ಯಾವ ರಾಜ್ಯ ಬೇಕೋ ಆರಿಸಿಕೋ ಎನ್ನುತ್ತದೆ. ಯಾವ ಇಸವಿಯಿಂದ ಬೇಕಾದರೂ ಶುರುಮಾಡಬಹುದು. ಶ್ರೀರಂಗಪಟ್ಟಣದ ಕಡೆಯವನು ಮತ್ತೇನು ಆರಿಸಿಯಾನು? ಮೈಸೂರು, 1789. ಕೋಟೆಯ ಗೋಡೆ ಹತ್ತಿ ಇಳಿದು ಬೆಳೆದವನು. ದರಿಯಾ ದೌಲತ್ತಿನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಶಾಲೆಯ ಸಾಲಿನಲ್ಲಿ ನಿಂತು ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಟಿಪ್ಪು ಇದ್ದ ಕಡೆ ಗೆಲುವು ಎಂಬುದು ಅವನಿಗೆ ಪಾಠ ಹೇಳಿಕೊಡದೆ ಬಂದ ನಂಬಿಕೆ. ತಾನು ಬಾಡಿಗೆಗಿರುವ ಊರಿಗೆ ಆ ಟಿಪ್ಪು ಬಂದಿದ್ದ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದನ್ನು ಹೇಳಿದವರು ಕೆಳಗಿನ ಮನೆಯ ಮಾಷ್. ನಿವೃತ್ತ ಮೇಷ್ಟ್ರು. ಅಲ್ಲಿ ಮೇಷ್ಟ್ರನ್ನು ಮಾಷ್ ಎನ್ನುತ್ತಾರೆ, ಕರೆಯುವಾಗ ಮಾಷೇ. ಬಾಡಿಗೆ ಕೊಡಲು ಇಳಿದವನ ಕಣ್ಣು ಕೆಂಪಾಗಿದ್ದದ್ದು ಕಂಡು ಏನಾಯಿತೆಂದು ವಿಚಾರಿಸಿದರು. ಅರ್ಧ ಮಲಯಾಳ, ಅರ್ಧ ಇಂಗ್ಲಿಷ್‌ನಲ್ಲಿ ಅವನು ರಾತ್ರಿಯ ಸೋಲಿನ ಕಥೆ ಹೇಳಿದ. ಮಾಷ್ ನಕ್ಕುಬಿಟ್ಟರು.

"ಮೋನೇ, ನಿಮ್ಮ ರಾಜ ಇಲ್ಲಿಗೆ ಬಂದು ಇನ್ನೂರಕ್ಕೂ ಹೆಚ್ಚು ವರ್ಷವಾಯಿತು. ಅವನೂ ಇದೇ ಹೊಳೆಯ ದಂಡೆಯಿಂದ ವಾಪಸು ಹೋದ. ನೀನೂ ಹೋಗು, ಮಲಗು."

ಮಲಗಲಿಲ್ಲ. ಸೋತದ್ದು ಯಾಕೆ ಎಂದು ತಿಳಿಯದೆ ಮತ್ತೆ ಆಡಬಾರದೆಂದು ನಿಯಮಗಳನ್ನು ಓದಲು ಕೂತ.

ಚಿಕ್ಕಂದಿನಿಂದ ಅವನಿಗೆ ಗೊತ್ತಿದ್ದದ್ದು ಚದುರಂಗ. ಅಲ್ಲಿ ಆನೆ ಎಂದರೆ ಆನೆ. ಮೊದಲ ನಡೆಗೂ ಕೊನೆಯ ನಡೆಗೂ ಅದರ ಬಲ ಅಷ್ಟೇ. ಕುದುರೆಗೆ ದಣಿವಿಲ್ಲ, ಕಾಲಾಳಿಗೆ ಹೆದರಿಕೆಯಿಲ್ಲ. ಈ ಆಟದ ತುಕಡಿ ಹಾಗಲ್ಲ. ಒಂದು ತುಕಡಿ ಎಂದರೆ ಸಾವಿರ ಜನ. ಅದಕ್ಕೆ ಎರಡು ಆಯುಷ್ಯ. ಒಂದು ತಲೆಗಳ ಎಣಿಕೆ, ಇನ್ನೊಂದು ಆಟ 'ಮೊರಾಲ್' ಎಂದು ಕರೆಯುವ ಕೆಚ್ಚು. ತಲೆ ಎಷ್ಟೇ ಉಳಿದಿರಲಿ, ಕೆಚ್ಚು ಸೊನ್ನೆಗೆ ಬಂತೆಂದರೆ ಆ ತುಕಡಿ ಅಂದಿಗೆ ಮುಗಿಯಿತು. ಇಡೀ ಸೇನೆಯ ಕೆಚ್ಚು ಇಳಿದರೆ ಸೇನೆಯೇ ಓಡುತ್ತದೆ, ಆಡುವವನ ಮಾತು ಕೇಳುವುದಿಲ್ಲ. ಇಪ್ಪತ್ತನಾಲ್ಕು ಸಾವಿರ ಜನ ಜೀವಂತವಾಗಿ ಓಡಿದ್ದರ ಗುಟ್ಟು ಇದು.

ಎರಡನೆಯ ಪಾಠ ಅಗಲದ್ದು. ರಣರಂಗಕ್ಕೆ ಇಂತಿಷ್ಟೇ ಅಗಲ ಎಂಬ ಮಿತಿಯಿದೆ. ಅದರಲ್ಲಿ ಹಿಡಿಸುವಷ್ಟು ತುಕಡಿಗಳು ಮಾತ್ರ ಎದುರುಬದುರು ನಿಂತು ಹೊಡೆದಾಡುತ್ತವೆ. ಉಳಿದವು ಹಿಂದೆ ಕಾಯುತ್ತವೆ. ಕಾಯುವವರ ಕೆಚ್ಚೂ ದಿನದಿನಕ್ಕೆ ಇಷ್ಟಿಷ್ಟೇ ಇಳಿಯುತ್ತದೆ. ಮದುವೆ ಮನೆಯಲ್ಲಿ ಎಲೆ ಹಾಕಿದ್ದು ನೂರು, ಬಾಗಿಲಲ್ಲಿ ನಿಂತದ್ದು ಐನೂರು ಎಂದರೆ ಹೇಗೋ ಹಾಗೆ. ಜನ ಹೆಚ್ಚು ತಂದಷ್ಟೂ ಗೆಲುವು ಎಂಬ ಅವನ ಲೆಕ್ಕ ಇಲ್ಲಿ ತಪ್ಪಿತ್ತು. ಫಿರಂಗಿ ಹಿಂದಿನ ಸಾಲಿನಲ್ಲಿರಬೇಕು. ಮುಂದಿನ ಸಾಲಿನ ಕಾಲಾಳು ತೆಳುವಾದರೆ ಫಿರಂಗಿಯೇ ಮುಂದಕ್ಕೆ ಬಂದು ನಿಲ್ಲುತ್ತದೆ, ಆಗ ಅದಕ್ಕೆ ಬೀಳುವ ಏಟು ಬಹಳ. ಅವನು ಫಿರಂಗಿಗೆ ದುಡ್ಡು ಸುರಿದು ಕಾಲಾಳಿನಲ್ಲಿ ಜುಗ್ಗತನ ಮಾಡಿದ್ದ.

ಮೂರನೆಯದು ನಾಯಕ. ಪ್ರತಿ ದಂಡನಾಯಕನಿಗೂ ನಾಲ್ಕು ಅಂಕೆಗಳು: ಗುಂಡಿನ ಕಾಳಗ, ಮೇಲೆರಗುವ ಕಾಳಗ, ಚಲನೆ, ಮುತ್ತಿಗೆ. ಯುದ್ಧ ಮೂರು ದಿನ ಗುಂಡಿನದು, ಮೂರು ದಿನ ಕೈ ಕೈ ಹತ್ತುವುದು, ಹೀಗೆ ಸರದಿಯಲ್ಲಿ ಸಾಗುತ್ತದೆ. ಪ್ರತಿ ಸರದಿಗೂ ಎರಡು ಕಡೆಯವರಿಗೆ ಸೊನ್ನೆಯಿಂದ ಒಂಬತ್ತರವರೆಗಿನ ದಾಳ. ನಾಯಕನ ಅಂಕೆ ಎದುರಾಳಿಯದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ದಾಳಕ್ಕೆ ಕೂಡುತ್ತದೆ. ನೆಲ ಒರಟಾಗಿದ್ದರೆ ದಾಳಿ ಮಾಡುವವನ ದಾಳದಿಂದ ಕಳೆಯುತ್ತದೆ: ಗುಡ್ಡಕ್ಕೆ ಒಂದು, ಕಾಡಿಗೆ ಒಂದು, ದೊಡ್ಡ ಬೆಟ್ಟಕ್ಕೆ ಎರಡು. ಹೊಳೆ ದಾಟಿ ದಾಳಿ ಮಾಡಿದರೆ ಇನ್ನೊಂದು. ನಾಯಕನ ಚಲನೆಯ ಅಂಕೆ ಎದುರಿನವನದಕ್ಕಿಂತ ಹೆಚ್ಚಿದ್ದರೆ ಹೊಳೆಯ ಆ ಒಂದು ಅಂಕ ಮಾಫಿ.

ಅವನು ಮಾಡಿದ್ದೇನು? ರಾಜನನ್ನೇ ದಂಡನಾಯಕನನ್ನಾಗಿ ಮಾಡಬಹುದು ಎಂದು ಆಟ ತೋರಿಸಿತ್ತು. ಕೂಡಲೇ ಮಾಡಿದ್ದ. ಆಮೇಲೆ ಎಲ್ಲ ಹೊಣೆಯನ್ನೂ ಆ ಒಂದು ಚಿತ್ರದ ಮೇಲೆ ಹೊರಿಸಿ, ಕಾಡು ಹೊಳೆ ಎರಡನ್ನೂ ಲೆಕ್ಕಿಸದೆ ನುಗ್ಗಿಸಿದ್ದ. ನಾಯಕ ಕೂಡಿಸಿದ್ದು ಎರಡು, ನೆಲ ನೀರು ಸೇರಿ ಕಳೆದದ್ದೂ ಎರಡು. ಉಳಿದದ್ದು ದಾಳ ಮತ್ತು ತುಕಡಿಯ ಕೆಚ್ಚು. ಕೆಚ್ಚು ಬೆಳೆಸಲು ಅವನು ಏನೂ ಮಾಡಿರಲಿಲ್ಲ.

ಮುಂದಿನ ಭಾನುವಾರ ಮಾಷ್ ಅವನನ್ನು ಬೆಳಗಿನ ನಡಿಗೆಗೆ ಹೊಳೆಯ ಕಡೆ ಕರೆದುಕೊಂಡು ಹೋದರು. ಪೆರಿಯಾರ್ ಎಂದರೆ ಪೆರಿಯ ಆರು, ನಮ್ಮ ಮಾತಿನಲ್ಲಿ ಹಿರಿಹೊಳೆ. ಆಚೆಗೆ ಶಿವರಾತ್ರಿಯಲ್ಲಿ ಲಕ್ಷಗಟ್ಟಲೆ ಜನ ಸೇರುವ ಮಣಪ್ಪುರಂನ ಮರಳ ದಿಣ್ಣೆ. ಮೇ ತಿಂಗಳ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಇಷ್ಟು ಸಾಧು ಹೊಳೆಯೇ ತಡೆದದ್ದು ಎಂದು ಅವನಿಗೆ ಅನುಮಾನ. ಮಾಷ್ ದಂಡೆಯ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಹೇಳಿದರು.

ತಿರುವಾಂಕೂರಿನ ಉತ್ತರದ ಗಡಿಗೆ ಒಂದು ಉದ್ದನೆಯ ಕೋಟೆಯಿತ್ತು. ಹೆಸರು ನೆಡುಂಕೋಟ್ಟ. ಕನ್ನಡದವನಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ನಿಡುಗೋಟೆ. ಕಡಲ ಕಡೆಯಿಂದ ಪಶ್ಚಿಮ ಘಟ್ಟದ ಕಡೆಗೆ ಸುಮಾರು 30 ಮೈಲಿ. ಕಲ್ಲಿನ ಕೋಟೆಯಲ್ಲ, ಬಹುಪಾಲು ಮಣ್ಣಿನ ಗೋಡೆ, ಮುಂದೆ ಆಳದ ಕಂದಕ, ಮುಳ್ಳು ಬಿದಿರಿನ ಬೇಲಿ. ಧರ್ಮರಾಜನೆಂದು ಹೆಸರಾದ ಕಾರ್ತಿಕ ತಿರುನಾಳ್ ರಾಮವರ್ಮನ ಕಾಲದಲ್ಲಿ ಕಟ್ಟಿದ್ದು. ಕಟ್ಟಿಸಿದವನು ಡಿ ಲನಾಯ್. ಇವನು 1741ರ ಕೊಳಚ್ಚಲ್ ಯುದ್ಧದಲ್ಲಿ ಡಚ್ಚರ ಕಡೆಯಿಂದ ಸೆರೆಸಿಕ್ಕವನು. ಸೆರೆಸಿಕ್ಕವನನ್ನೇ ತಿರುವಾಂಕೂರು ತನ್ನ ಸೇನೆಯನ್ನು ಪಳಗಿಸುವ ಕೆಲಸಕ್ಕೆ ಇಟ್ಟುಕೊಂಡಿತು. 1777ರಲ್ಲಿ ಸಾಯುವವರೆಗೂ ಅವನು ಅದೇ ಕೆಲಸ ಮಾಡಿದ. ಟಿಪ್ಪುವಿನ ದಂಡು ಬಂದದ್ದು ಅವನು ಸತ್ತ ಹನ್ನೆರಡು ವರ್ಷಗಳ ಮೇಲೆ.

ಕೇಳುತ್ತ ಅವನಿಗೆ ಆಟದ ಇನ್ನೊಂದು ನಿಯಮ ನೆನಪಾಯಿತು. ಹೊಸ ನಾಯಕನನ್ನು ನೇಮಿಸುವಾಗ ಅವನ ಅಂಕೆಗಳು ಬರೀ ಅದೃಷ್ಟದಿಂದ ಬರುವುದಿಲ್ಲ. ರಾಜ್ಯದ 'ಸೇನಾ ಪರಂಪರೆ' ಎಷ್ಟಿದೆ ಎಂಬುದನ್ನು ನೋಡಿ ಬರುತ್ತವೆ. ಆ ಪರಂಪರೆ ಹುಟ್ಟುವುದು ತುಕಡಿಗಳು ಕಾದಾಡಿದ್ದರಿಂದ. ಸುಮ್ಮನೆ ಕೂತರೆ ವರ್ಷ ವರ್ಷ ಸವೆಯುತ್ತದೆ. ಎಂದರೆ ನಾಯಕ ತುಕಡಿಯನ್ನು ಮಾಡುವುದಕ್ಕಿಂತ ಮೊದಲು ತುಕಡಿಗಳು ನಾಯಕನನ್ನು ಮಾಡಿರುತ್ತವೆ. ಡಿ ಲನಾಯ್ ಸತ್ತಿದ್ದ. ಅವನು ಪಳಗಿಸಿದ ಪಡೆಯ ಅಭ್ಯಾಸ ಸತ್ತಿರಲಿಲ್ಲ.

1789ರಲ್ಲಿ ಕೊಡುಙಲ್ಲೂರು ಮತ್ತು ಪಳ್ಳಿಪ್ಪುರಂ ಕೋಟೆಗಳನ್ನು ತಿರುವಾಂಕೂರು ಡಚ್ಚರಿಂದ ಕೊಂಡಿತು. ಅವು ತನ್ನ ಅಧೀನದ ಕೊಚ್ಚಿಗೆ ಸೇರಿದ ನೆಲ, ಮಾರಲು ಡಚ್ಚರು ಯಾರು ಎಂಬುದು ಟಿಪ್ಪುವಿನ ತಕರಾರು. ಡಿಸೆಂಬರ್ 28ರ ರಾತ್ರಿ ಹೊರಟ ಮೈಸೂರಿನ ಪಡೆ ಬೆಳಗಾಗುವ ಹೊತ್ತಿಗೆ ಕಾವಲಿಲ್ಲದ ಒಂದು ಕಡೆಯಿಂದ ನಿಡುಗೋಟೆಯ ಒಳಗೆ ನುಗ್ಗಿತು. ಟಿಪ್ಪು ತಾನೇ ಜೊತೆಯಲ್ಲಿದ್ದ. ಗೋಡೆಯ ಉದ್ದಕ್ಕೂ ಒಂದೊಂದೇ ಠಾಣೆ ಬೀಳುತ್ತ ಹೋಯಿತು. ಗೆದ್ದಾಯಿತು ಎನ್ನುವಾಗ, ಮರೆಯಲ್ಲಿದ್ದ ತಿರುವಾಂಕೂರಿನ ಬೆರಳೆಣಿಕೆಯ ಜನ ಪಕ್ಕದಿಂದ ಗುಂಡು ಹಾರಿಸಿದರು. ಇಕ್ಕಟ್ಟಿನ ಜಾಗ. ಮುಂದಿನವರು ಬೆದರಿ ತಿರುಗಿದರು, ಹಿಂದಿನವರಿಗೆ ಏನಾಯಿತೆಂದು ತಿಳಿಯಲಿಲ್ಲ. ಓಡಿದವರು ಕಂದಕದಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ಸತ್ತವರಲ್ಲಿ ಬಹಳ ಮಂದಿ ತಮ್ಮವರ ಕಾಲ್ತುಳಿತಕ್ಕೇ ಸತ್ತರು. ಟಿಪ್ಪುವನ್ನು ಅವನ ಜನ ಹೇಗೋ ಕಂದಕ ದಾಟಿಸಿದರು. ಅವನ ಪಲ್ಲಕ್ಕಿ, ಮುದ್ರೆ, ಖಡ್ಗ ತಿರುವಾಂಕೂರಿನವರ ಕೈಗೆ ಸಿಕ್ಕವು ಎಂದು ಅಲ್ಲಿನ ಇತಿಹಾಸಗಳು ಬರೆಯುತ್ತವೆ. ವೈಕಂ ಪದ್ಮನಾಭ ಪಿಳ್ಳೆಯ ಹೆಸರು ಆ ದಿನದ ಕಥೆಯೊಂದಿಗೆ ಸೇರಿಕೊಂಡಿದೆ.

"ನೋಡಿದಿಯಾ ಮೋನೇ, ನಮ್ಮ ಕಥೆಯಲ್ಲಿ ಗೆದ್ದವನು ಪದ್ಮನಾಭ ಪಿಳ್ಳೆ," ಎಂದರು ಮಾಷ್. "ನಿಮ್ಮ ಊರಿನ ಕಥೆಯಲ್ಲಿ ಯಾರು?"

"ನಮ್ಮೂರ ಕಥೆಯಲ್ಲಿ ಈ ದಿನವೇ ಇಲ್ಲ, ಮಾಷೇ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಗಲದ ನಿಯಮ, ಕೆಚ್ಚಿನ ನಿಯಮ, ರಾಜನೇ ದಂಡನಾಯಕನಾದರೆ ಏನಾಗುತ್ತದೆ ಎಂಬುದು, ಎಲ್ಲವೂ ಒಂದೇ ಬೆಳಗಿನಲ್ಲಿ ಒಂದೇ ಕಂದಕದಲ್ಲಿ ನಡೆದುಹೋಗಿತ್ತು. ಅವನು ಲ್ಯಾಪ್‌ಟಾಪಿನ ಮುಂದೆ ಮಾಡಿದ ತಪ್ಪು ಹೊಸದೇನಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಟಿಪ್ಪು ಹೆಚ್ಚಿನ ಸೇನೆ, ದೊಡ್ಡ ಫಿರಂಗಿ ತರಿಸಿದ. ಈ ಸಲ ರಾತ್ರಿಯ ಸಾಹಸವಿಲ್ಲ, ಮುತ್ತಿಗೆ. 1790ರ ಏಪ್ರಿಲ್‌ನಲ್ಲಿ ನಿಡುಗೋಟೆ ಒಡೆಯಿತು, ಬಳಿಕ ಕೊಡುಙಲ್ಲೂರೂ ಬಿತ್ತು. ಗೋಡೆಯನ್ನು ನೆಲಸಮ ಮಾಡಿಸುತ್ತ, ಊರುಗಳನ್ನು ಹಾಳುಗೆಡವುತ್ತ ದಂಡು ಆಲುವದ ತನಕ ಬಂತು. ಜನ ಮನೆ ಬಿಟ್ಟು ತೆಂಕಲಿಗೆ ಓಡಿದರು. ಆ ಕಾಲಕ್ಕೆ ಮಲಯಾಳದಲ್ಲಿ ಪಡಯೋಟ್ಟಕ್ಕಾಲ ಎನ್ನುತ್ತಾರೆ, ಪಡೆ ಓಡಾಡಿದ ಕಾಲ. ಮಾಷ್ ಮನೆತನದವರೂ ಹಾಗೆ ಹೊಳೆ ದಾಟಿ ಹೋದವರಂತೆ. ಯಾರು ಎಂಬ ಹೆಸರು ಉಳಿದಿಲ್ಲ. "ಹೋದರು, ಒಂದು ಮಗು ದಾರಿಯಲ್ಲಿ ಹೋಯಿತು" ಎಂಬಷ್ಟು ಮಾತು ಅಜ್ಜಿಯಿಂದ ಅಜ್ಜಿಗೆ ಬಂದಿದೆ.

ಮೇ ತಿಂಗಳಿನಲ್ಲಿ ದಂಡು ಹೊಳೆಯ ಈ ಕಡೆ, ತಿರುವಾಂಕೂರಿನ ತಿರುಳು ಆ ಕಡೆ. ಕೇರಳಕ್ಕೆ ಮುಂಗಾರು ಬರುವುದು ಜೂನ್ ಮೊದಲ ವಾರದ ಹೊತ್ತಿಗೆ, ಅದರ ಮುನ್ನಿನ ಮಳೆಗೂ ಈ ಹೊಳೆ ಏರುತ್ತದೆ. ಭೂತತ್ತಾನ್‌ಕೆಟ್ಟಿನ ಬಳಿ ಕಟ್ಟೆ ಒಡೆದು ನೆರೆ ಹರಿಸಿದರೆಂಬ ಐತಿಹ್ಯವನ್ನು ಮಾಷ್ ಹೇಳಿದರು, ಐತಿಹ್ಯವೆಂದೇ ಹೇಳಿದರು. ಅದೇ ಹೊತ್ತಿಗೆ ಮದರಾಸಿನ ಗವರ್ನರ್ ಜನರಲ್ ಮೆಡೋಸ್ ತಿರುಚಿರಾಪಳ್ಳಿಯಲ್ಲಿ ಸೇನೆ ಕೂಡಿಸುತ್ತಿದ್ದ. ಅದು ಕೊಯಮತ್ತೂರಿನ ಮೇಲೆ ಬಂದರೆ ಶ್ರೀರಂಗಪಟ್ಟಣಕ್ಕೆ ಮರಳುವ ದಾರಿಗೇ ಆಪತ್ತು. ಮೇ ಮುಗಿಯುವ ಮೊದಲು ಟಿಪ್ಪು ಹಿಂದಿರುಗಿದ. ಆ ಯುದ್ಧ ಮುಗಿದದ್ದು 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಆ ಕೊನೆಯ ಪುಟ ಅವನಿಗೆ ಬಾಯಿಪಾಠವಾಗಿತ್ತು. ಮೊದಲ ಪುಟ ಆಲುವದಲ್ಲಿದೆ ಎಂದು ಈಗ ತಿಳಿಯಿತು.

ಹೊಳೆಗೆ ಬರೀ ಒಂದು ಅಂಕವೇ ಎಂದು ಅವನು ಮನೆಗೆ ಬಂದ ಮೇಲೆ ಕೇಳಿದ. ಮಾಷ್ ಜಗಲಿಯ ಗೋಡೆ ತೋರಿಸಿದರು. ಎದೆಯ ಮಟ್ಟಕ್ಕೆ ಒಂದು ಗೀಟು, ಪಕ್ಕದಲ್ಲಿ 2018 ಎಂದು ಬರೆದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಪೆರಿಯಾರ್ ಆಲುವವನ್ನು ಮುಳುಗಿಸಿತು. ಪಕ್ಕದ ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ ಎರಡು ವಾರ ಮುಚ್ಚಿತ್ತು. ಮಾಷ್ ಮನೆಯವರನ್ನು ದೋಣಿಯಲ್ಲಿ ಕರೆದೊಯ್ದಿದ್ದರು. "ನಿನ್ನ ಆಟದವರಿಗೆ ಇದರ ಫೋಟೊ ಕಳಿಸು," ಎಂದರು.

ಆಟ ಮುಂಗಾರನ್ನು ಪೂರ್ತಿ ಮರೆತಿಲ್ಲ. ಒಂದು ಪ್ರಾಂತ್ಯ ಎಷ್ಟು ಜನರ ಹೊಟ್ಟೆ ಹೊರೆಯಬಲ್ಲದೋ ಅದಕ್ಕಿಂತ ಹೆಚ್ಚಿನ ಸೇನೆ ಅಲ್ಲಿ ನಿಂತರೆ ತಿಂಗಳಿಗೆ ಇಷ್ಟು ಪಾಲು ಎಂದು ಸವೆಯುತ್ತದೆ. ಮಳೆಗಾಲದಲ್ಲಿ ಸವೆತ ಇನ್ನೂ ಹೆಚ್ಚು. ಕಾಳಗವಿಲ್ಲ, ಶತ್ರುವಿಲ್ಲ, ತುಕಡಿಯ ಪಕ್ಕದಲ್ಲಿ ಒಂದು ಪುಟ್ಟ ಗುರುತು, ಅಷ್ಟೇ. ಸಾವಿರ ಇದ್ದದ್ದು ಒಂಬೈನೂರ ಐವತ್ತಾಗುತ್ತದೆ. ಅವನು ಇದುವರೆಗೆ ಆ ಗುರುತನ್ನು ಗಮನಿಸಿಯೇ ಇರಲಿಲ್ಲ.

ಆ ರಾತ್ರಿ ಊರಿಗೆ ಫೋನ್ ಮಾಡಿ ತಾತನನ್ನು ಮಾತಿಗೆಳೆದ. ಮೈಸೂರಿನ ಸೇನೆಗೆ ಆ ವೇಗ ಬಂದದ್ದು ಅಮೃತಮಹಲ್ ಎತ್ತುಗಳಿಂದ ಎಂದು ಅವನು ಎಲ್ಲೋ ಓದಿದ್ದ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ 100 ಮೈಲಿ ಹೋದದ್ದು ಈ ಎತ್ತುಗಳಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಆಟದಲ್ಲಿ ನಾಯಕನ ಚಿತ್ರದ ಕೆಳಗೆ ಬರೆದಿರುವ ಚಲನೆಯ ಅಂಕೆ ನಿಜದಲ್ಲಿ ಎತ್ತಿನದು, ಎತ್ತು ಹೊಡೆಯುವವನದು. ಅದನ್ನೇ ತಾತನಿಗೆ ಹೇಳಿದ.

"ಎತ್ತಾ?" ಎಂದರು ತಾತ. "ನಮ್ಮೋರೂ ದಂಡಿನ್ ಎತ್ತು ಹೊಡ್ಕಂಡ್ ಹೋಗೋರು ಅಂತ ನಮ್ ಅಜ್ಜಿ ಯೋಳೋಳು ಕಣ್ಮಗ. ಅಣ್ಣತಮ್ಮದೀರು ಇಬ್ರು ಮಲಯಾಳ ಸೀಮೆಗೆ ಹೋದ್ರಂತೆ. ಒಬ್ಬ ಬಂದ. ಇನ್ನೊಬ್ಬ ಬರ್ನಿಲ್ಲ."

"ಏನಾಯ್ತಂತೆ ತಾತ? ಯುದ್ಧದಲ್ಲಿ ಸತ್ನಾ?"

"ಯುದ್ದ ಎಲ್ ಬಂತು. ಮಳೆ ಜ್ವರ ಅಂತಿದ್ಲು. ಎತ್ತು ಬಂತಂತೆ ಮನ್ಗೆ. ಆಳು ಬರ್ನಿಲ್ಲ."

ಅದು ಯಾವ ದಂಡು, ಯಾವ ವರ್ಷ? ಹೈದರನ ಕಾಲದ್ದೋ ಟಿಪ್ಪುವಿನದೋ ತಾತನಿಗೂ ತಿಳಿಯದು. ಅಜ್ಜಿಯಿಂದ ಅಜ್ಜಿಗೆ ಬಂದ ಮಾತು. ಕೆಳಗಿನ ಮನೆಯ ಮಗುವಿಗೂ ಮೇಲಿನ ಮನೆಯವನ ಪೂರ್ವಜನಿಗೂ ಹೆಸರಿಲ್ಲ. ಟಿಪ್ಪುವಿಗೆ ಇದೆ, ಪದ್ಮನಾಭ ಪಿಳ್ಳೆಗೆ ಇದೆ, ಡಿ ಲನಾಯ್‌ಗೆ ಉದಯಗಿರಿ ಕೋಟೆಯಲ್ಲಿ ಗೋರಿಯೂ ಇದೆ. ಆಟ ಮಾಡುವವರು ಇತಿಹಾಸ ಓದಿಯೇ ಆಟ ಮಾಡಿದ್ದಾರೆ: ನಾಯಕನಿಗೆ ಹೆಸರು, ತುಕಡಿಗೆ ಅಂಕೆ. ಆದರೆ ಲೆಕ್ಕದಲ್ಲಿ ಅವರು ಇತಿಹಾಸದ ಪುಸ್ತಕಗಳಿಗಿಂತ ಪ್ರಾಮಾಣಿಕರು. ನಾಯಕ ಕೂಡಿಸುವುದು ಒಂದೋ ಎರಡೋ ಮಾತ್ರ. ಮಿಕ್ಕದ್ದನ್ನೆಲ್ಲ ತೆರುವವರು ಆ ಸಾವಿರ ಸಾವಿರದ ತುಕಡಿಗಳು. ಶ್ರೀರಂಗಪಟ್ಟಣದಲ್ಲಿ ಒಬ್ಬನ ಶೌರ್ಯ ಎಂದು ಕಲಿತದ್ದನ್ನು ಆಲುವದಲ್ಲಿ ಒಬ್ಬನ ಕ್ರೌರ್ಯ ಎಂದು ಕಲಿಸುತ್ತಾರೆ. ಎರಡು ಕಡೆಯೂ ಒಬ್ಬನೇ. ಎತ್ತು ಹೊಡೆದವನಿಗೆ, ಮಗುವನ್ನು ಕಂಕುಳಲ್ಲಿಟ್ಟು ಹೊಳೆ ದಾಟಿದವಳಿಗೆ ಯಾವ ಕಡೆಯೂ ಜಾಗ ಸಿಕ್ಕಿಲ್ಲ.

ಇದನ್ನು ಮಾಷ್ ಬಳಿ ಹೇಳಬೇಕೋ ಬೇಡವೋ ಎಂದು ಅವನು ಎರಡು ದಿನ ಯೋಚಿಸಿದ. ಅವರ ಮನೆಯ ಮಗು ಸತ್ತದ್ದು ಯಾವ ದಂಡು ಬಂದದ್ದರಿಂದಲೋ, ಆ ದಂಡಿನ ಎತ್ತನ್ನು ತನ್ನವನೇ ಹೊಡೆದಿದ್ದಿರಬಹುದು. ಮೂರನೆಯ ದಿನ ಬಾಗಿಲಲ್ಲೇ ನಿಂತು ಹೇಳಿಬಿಟ್ಟ. ಮಾಷ್ ಪೂರ್ತಿ ಕೇಳಿಸಿಕೊಂಡರು. "ಎತ್ತು ಮಾತ್ರ ಮನೆಗೆ ಬಂತೇ?" ಎಂದು ಒಮ್ಮೆ ಕೇಳಿದರು. ಆಮೇಲೆ ಒಳಗೆ ಕೂಗಿ ಇನ್ನೊಂದು ಲೋಟ ಚಹಾ ತರಲು ಹೇಳಿದರು.

ಶನಿವಾರ ರಾತ್ರಿ ಹೊಸದಾಗಿ ಆಟ ಶುರುಮಾಡಿದ. ಈ ಸಲ ರಾಜನನ್ನು ಅರಮನೆಯಲ್ಲೇ ಬಿಟ್ಟ. ಚಲನೆಯ ಅಂಕೆ ಹೆಚ್ಚಿರುವ ಸಾಧಾರಣ ದಂಡನಾಯಕನೊಬ್ಬನನ್ನು ಹುಡುಕಿ ಇಟ್ಟ. ಹಿಂದಿನ ಸಾಲಿನ ಫಿರಂಗಿಗೆ ತಕ್ಕಷ್ಟು ಮುಂದಿನ ಸಾಲಿಗೆ ಕಾಲಾಳು ಕೊಟ್ಟ. ಅಗಲಕ್ಕೆ ಹಿಡಿಸದ ಜನರನ್ನು ಹಿಂದಿನ ಪ್ರಾಂತ್ಯದಲ್ಲೇ ನಿಲ್ಲಿಸಿದ. ಮೊದಲ ಕಾಳಗ ಗೆದ್ದ, ಎರಡನೆಯದನ್ನೂ ಗೆದ್ದ. ಕೋಟೆಗೆ ಮುತ್ತಿಗೆ ಹಾಕಿದ. ಒಂದು ಹಂತ ಹೋಯಿತು, ಎರಡು ಹೋಯಿತು. ಗೋಡೆ ಬಿರುಕು ಬಿಟ್ಟಿತು. ಇನ್ನೊಂದು ತಿಂಗಳು ಕಾದರೆ ಕೋಟೆ ತನ್ನದು.

ತುಕಡಿಗಳ ಪಕ್ಕದಲ್ಲಿ ಆ ಪುಟ್ಟ ಗುರುತು ಕಾಣಿಸಿಕೊಂಡಿತು. ಒಂಬೈನೂರ ಎಪ್ಪತ್ತು. ಒಂಬೈನೂರ ನಲವತ್ತು. ಸ್ಪೇಸ್ ಬಾರ್ ಒತ್ತಿ ಆಟವನ್ನು ನಿಲ್ಲಿಸಿದ. ಗೆಲ್ಲುವ ಲೆಕ್ಕದಲ್ಲಿ ಮೂವತ್ತು ಜನ ಏನೂ ಅಲ್ಲ. ಕಿಟಕಿಯ ಹೊರಗೆ ವರ್ಷದ ಮೊದಲ ದೊಡ್ಡ ಮಳೆ ಶುರುವಾಗಿತ್ತು. ಕೆಳಗೆ ಮಾಷ್ ಜಗಲಿಯ ಸಾಮಾನುಗಳನ್ನು ಒಳಗೆ ಎಳೆಯುವ ಸದ್ದು ಕೇಳಿಸಿತು. ಸೇನೆಯನ್ನೆಲ್ಲ ಒಟ್ಟಿಗೆ ಆರಿಸಿಕೊಂಡು, ಪಾಲಕ್ಕಾಡಿನ ದಾರಿಯಲ್ಲಿ ಊರ ಕಡೆಗೆ ತಿರುಗಿಸಿ, ಕುರ್ಚಿ ಬಿಟ್ಟು ಎದ್ದು ಅವನು ಅವರಿಗೆ ಕೈಜೋಡಿಸಲು ಮೆಟ್ಟಿಲಿಳಿದ.